ಕೊಟ್ಟ ಅಡ್ವಾನ್ಸ್ ಯಾರ ಹಕ್ಕು?

ಕಳೆದ ತಿಂಗಳು ಒಂದು ದಿನ ಅಸರ್ ನಮಾಝ್ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಮದ್ರಸದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಊರು ಉರಿಗಾಂ. ಇಲ್ಲಿ ನಮ್ಮ ಕರಾವಳಿಯ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಆದ್ದರಿಂದ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗದೆ ಉಳಿಯುವುದಿಲ್ಲ. ಆಕೆಯ ಗಂಡ ಬೇಕರಿ ತಿಂಡಿಯನ್ನು ಅಂಗಡಿ ಅಂಗಡಿಗೆ ಹಾಕುವವರು. ಇಷ್ಟು ವರ್ಷ ಬೈಕಿನ ಹಿಂದೆ ಟ್ರೇ ಕಟ್ಟಿಕೊಂಡು ಆಂಡರ್‌ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಬೇತಮಂಗಲ ಸುತ್ತುತ್ತಿದ್ದರು. ಒಂದು ಹಳೆ ಈಕೋ ಗಾಡಿ ತೆಗೆದುಕೊಂಡರೆ ಬಂಗಾರಪೇಟೆಯ ಲೈನೂ ಹಿಡಿಯಬಹುದು ಎಂಬ ಆಸೆ. ಗಾಡಿ ನೋಡಿದ್ದಾಯ್ತು, 2,60,000 ರೂಪಾಯಿಗೆ ಮಾತಾಯ್ತು, 30,000 ಅಡ್ವಾನ್ಸ್ ಕೊಟ್ಟದ್ದೂ ಆಯ್ತು. ಆ ವಾರವೇ ಊರಲ್ಲಿ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಶನ್. ಉಳಿದ ಹಣವೆಲ್ಲ ಆಸ್ಪತ್ರೆಗೆ ಹೋಯ್ತು. ಗಾಡಿ ಬೇಡ, ಅಡ್ವಾನ್ಸ್ ವಾಪಸ್ ಕೊಡಿ ಎಂದು ಕೇಳಿದ್ದಕ್ಕೆ ಮಾರುವವರು ಹೇಳಿದ್ದು ಒಂದೇ ಮಾತು: "ಅಡ್ವಾನ್ಸ್ ವಾಪಸ್ ಕೊಡುವ ಪದ್ಧತಿ ಈ ಲೈನಲ್ಲಿ ಇಲ್ಲ."

ಆಕೆ ನಮ್ಮಲ್ಲಿ ಕೇಳಿದ್ದು ಕಾನೂನಲ್ಲ. "ಅದು ನನ್ನ ಎರಡು ಬಳೆ ಉಸ್ತಾದ್. ಅಡವಿಟ್ಟು ಕೊಟ್ಟದ್ದು. ಅದರ ಬಡ್ಡಿ ತಿಂಗಳು ತಿಂಗಳು ಓಡ್ತಾ ಇದೆ. ಗಾಡಿಯೂ ಇಲ್ಲ, ಬಳೆಯೂ ಇಲ್ಲ. ಇದು ಹಲಾಲಾ?" ಇಷ್ಟೇ.

ನಾವು ಏನು ಹೇಳಿದೆವು ಎಂಬುದನ್ನು ಮುಚ್ಚಿಡದೆ ಬರೆಯುತ್ತೇವೆ. "ವ್ಯಾಪಾರ ಬಿಟ್ಟವರು ನೀವೇ ಅಲ್ವಾ, ಸಬರ್ ಮಾಡಿ, ಪಡಚವನು ಬೇರೆ ದಾರಿ ತೋರಿಸ್ತಾನೆ" ಎಂದೆವು. ಆಕೆ ಸಲಾಂ ಹೇಳಿ ಹೋದರು. ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಕ್ಕಳಿಗೆ ವ್ಯಾಪಾರದ ಅಧ್ಯಾಯ ಕಲಿಸುವ ನಾವೇ ಕಿತಾಬ್ ತೆರೆಯದೆ ಮಾರುಕಟ್ಟೆಯ ಪದ್ಧತಿಯನ್ನು ದೀನಿನ ಹುಕುಂ ಎಂಬಂತೆ ಹೇಳಿಬಿಟ್ಟಿದ್ದೆವು. ಸಬರ್ ಒಳ್ಳೆಯ ಗುಣ ಹೌದು. ಆದರೆ ಒಬ್ಬರ ಹಕ್ಕು ಇನ್ನೊಬ್ಬರ ಜೇಬಿನಲ್ಲಿರುವಾಗ ಹಕ್ಕು ಕಳಕೊಂಡವರಿಗೆ ಮಾತ್ರ ಸಬರ್ ಬೋಧಿಸುವುದು ನ್ಯಾಯವಲ್ಲ. ಈ ವಾರ ಈ ವಿಷಯವನ್ನೇ ಎತ್ತಿಕೊಳ್ಳಲು ಕಾರಣ ಇದು.

ಉರಿಗಾಂ ಎಂದರೆ ಕೆಲವರಿಗೆ ಚಿನ್ನದ ನೆನಪು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದಿನಿಂದ ಈ ಪಟ್ಟಣದ ಹೊಟ್ಟೆಪಾಡು ಬಹುಮಟ್ಟಿಗೆ ರೈಲಿನ ಮೇಲೆ. 1894ರಲ್ಲಿ ಗಣಿಗಾಗಿ ಬಂದ ಬಂಗಾರಪೇಟೆ-ಮಾರಿಕುಪ್ಪಂ ಹಳಿಯ ಮೇಲೆಯೇ ಇಂದು ಬೆಳಗಿನ ಜಾವ ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ, ಕಾರ್ಖಾನೆಗೆ, ಮಾಲ್‌ಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಇಂಥ ಊರಲ್ಲಿ ಸ್ವಂತ ದುಡಿಮೆ ಮಾಡಬೇಕೆಂದರೆ ಒಂದು ಗಾಡಿ ಬೇಕು. ಹೊಸದು ಕೊಳ್ಳುವ ತಾಕತ್ತು ಎಲ್ಲರಿಗೂ ಇಲ್ಲ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಗಾಡಿ ಬಡವನಿಗೆ ಶೋಕಿಯಲ್ಲ, ಅಂಗಡಿಯ ಹಾಗೆ, ಹೊಲದ ಹಾಗೆ. ಅದರ ಅಡ್ವಾನ್ಸ್ ಎಂದರೆ ಬಹಳ ಮನೆಗಳಲ್ಲಿ ಹೆಂಡತಿಯ ಒಡವೆ, ಚೀಟಿಯ ಹಣ, ಇಲ್ಲವೇ ಗಲ್ಫಿನಲ್ಲಿರುವ ಅಣ್ಣ ಕಳುಹಿಸಿದ್ದು. ಮಂಗಳೂರು, ಪುತ್ತೂರು, ಬಂಟ್ವಾಳದ ಮನೆಗಳಲ್ಲಿ ಇದನ್ನು ಓದುವವರಿಗೂ ಈ ಕಥೆ ಹೊಸತಲ್ಲ. ಊರು ಬೇರೆ, ಮಾತು ಅದೇ.

ಮೊದಲು ದೀನಿನ ಮಾತು. ಖರೀದಿಗೆ ಮುಂಗಡ ಕೊಟ್ಟು, "ತೆಗೆದುಕೊಂಡರೆ ಬೆಲೆಯಲ್ಲಿ ಮುರಿದುಕೊಳ್ಳಿ, ಬಿಟ್ಟರೆ ಇದು ನಿಮಗೇ" ಎಂದು ಷರತ್ತು ಹಾಕುವ ವ್ಯಾಪಾರಕ್ಕೆ ಫಿಕ್‌ಹ್‌ನಲ್ಲಿ 'ಉರ್ಬೂನ್' ಎಂಬ ಹೆಸರಿದೆ. ಅಡ್ವಾನ್ಸ್ ಎಂಬುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಉಲಮಾಗಳು ಸಾವಿರ ವರ್ಷದ ಹಿಂದೆಯೇ ಇದರ ಚರ್ಚೆ ಮಾಡಿದ್ದಾರೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಈ ಷರತ್ತಿನ ವ್ಯಾಪಾರ ಸಿಂಧುವಲ್ಲ. ಹನಫಿ, ಮಾಲಿಕಿ ಇಮಾಮರ ನಿಲುವೂ ಅದನ್ನು ಒಪ್ಪದಿರುವುದೇ. ಕಾರಣ ಸರಳ: ಮಾರುವವನು ಆ ಹಣಕ್ಕೆ ಬದಲಾಗಿ ಏನನ್ನೂ ಕೊಟ್ಟಿಲ್ಲ, ಏನೂ ಕೊಡದೆ ಇನ್ನೊಬ್ಬನ ಸೊತ್ತು ಇಟ್ಟುಕೊಳ್ಳುವುದು ಅನ್ಯಾಯದ ಭೋಗ. ಸೂರಃ ಅನ್ನಿಸಾದ 29ನೇ ವಚನ ಪರಸ್ಪರ ಒಪ್ಪಿಗೆಯ ವ್ಯಾಪಾರದ ಹೊರತು ಒಬ್ಬರ ಸಂಪತ್ತನ್ನು ಇನ್ನೊಬ್ಬರು ಅಕ್ರಮವಾಗಿ ತಿನ್ನಬಾರದೆಂದು ತಡೆಯುತ್ತದೆ. ಉರ್ಬೂನನ್ನು ಪ್ರವಾದಿ(ಸ) ವಿರೋಧಿಸಿದರು ಎಂಬ ಹದೀಸ್ ಇಮಾಂ ಮಾಲಿಕರ ಮುವತ್ತಾದಲ್ಲಿ, ಅಬೂದಾವೂದ್‌ನಲ್ಲಿ ಇದೆ. ಅದರ ಸನದ್ ದುರ್ಬಲ ಎಂದೂ ಹದೀಸ್ ಪಂಡಿತರು ಹೇಳಿದ್ದಾರೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಇಮಾಂ ಅಹ್ಮದ್ ಇಬ್ನ್ ಹಂಬಲ್ ಇದನ್ನು ಅನುಮತಿಸಿದ್ದಾರೆ. ಖಲೀಫಾ ಉಮರ್(ರ)ರ ಕಾಲದಲ್ಲಿ ಮಕ್ಕಾದಲ್ಲಿ ಕಾರಾಗೃಹಕ್ಕಾಗಿ ಸಫ್ವಾನ್ ಇಬ್ನ್ ಉಮಯ್ಯಾರ ಮನೆ ಖರೀದಿಸುವಾಗ, ಉಮರ್ ಒಪ್ಪದಿದ್ದರೆ ಇಷ್ಟು ಮೊತ್ತ ಮನೆಯವರಿಗೇ ಎಂದು ಷರತ್ತು ಹಾಕಿದ್ದು ಅವರಿಗೆ ಆಧಾರ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯೂ ಕಾಯುವ ಅವಧಿಯನ್ನು ನಿರ್ದಿಷ್ಟವಾಗಿ ಹೇಳಿದ್ದರೆ ಇದು ಸರಿ ಎಂದು ತೀರ್ಮಾನಿಸಿತು. ಗಮನಿಸಿ: ಅವಧಿ ನಿರ್ದಿಷ್ಟವಾಗಿರಬೇಕು. ಅನುಮತಿ ಕೊಟ್ಟವರೂ ಬಾಯಿಗೆ ಬಂದಂತೆ "ಹೋಯ್ತು ಅಂದ್ರೆ ಹೋಯ್ತು" ಎನ್ನಲು ಬಿಟ್ಟಿಲ್ಲ. ನಮ್ಮ ಗಾಡಿ ವ್ಯಾಪಾರದಲ್ಲಿ ಎಷ್ಟು ಜನ ಅಡ್ವಾನ್ಸ್ ತೆಗೆದುಕೊಳ್ಳುವಾಗ ದಿನ ಹೇಳುತ್ತಾರೆ?

ಆದರೆ ಕೊಳ್ಳುವವರು ಇಷ್ಟು ಓದಿ ಸಂತೋಷಪಟ್ಟು ಪೇಪರ್ ಮಡಚಬಾರದು. ಉರ್ಬೂನಿನ ಷರತ್ತಿಲ್ಲದೆ ವ್ಯಾಪಾರ ಪಕ್ಕಾ ಆಗಿ ಇಬ್ಬರೂ ಮಜ್ಲಿಸ್‌ನಿಂದ ಬೇರೆಯಾದ ಮೇಲೆ ಒಬ್ಬನೇ ಮನಸ್ಸು ಬದಲಿಸಿ "ನನಗೆ ಬೇಡ" ಎನ್ನುವ ಹಕ್ಕು ನಮ್ಮ ಮದ್‌ಹಬ್‌ನಲ್ಲಿ ಇಲ್ಲ. ಬೇರೆಯಾಗುವ ಮೊದಲು ಇದೆ. ಬುಖಾರಿ, ಮುಸ್ಲಿಂ ಎರಡರಲ್ಲೂ ಹಕೀಂ ಇಬ್ನ್ ಹಿಝಾಂ(ರ) ವರದಿ ಮಾಡಿದ ಹದೀಸ್‌ನ ಆಶಯ ಅದು. ಇಬ್ಬರೂ ಸತ್ಯ ಹೇಳಿ, ಇರುವುದನ್ನು ಬಿಚ್ಚಿಟ್ಟರೆ ವ್ಯಾಪಾರದಲ್ಲಿ ಬರಕತ್, ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತದೆ ಎಂದೂ ಅದರಲ್ಲೇ ಇದೆ. ಮೊದಲೇ ಮೂರು ದಿನದ ಆಯ್ಕೆಯ ಷರತ್ತು ಹಾಕಿಕೊಂಡಿದ್ದರೆ ಆ ಮೂರು ದಿನದೊಳಗೆ ಬಿಡಬಹುದು. ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಹಬ್ಬಾನ್ ಇಬ್ನ್ ಮುನ್ಖಿದ್ ಎಂಬ ಸಹಾಬಿಗೆ ಪ್ರವಾದಿ(ಸ) ಇಂಥ ಮೂರು ದಿನದ ಅವಕಾಶ ಕಲಿಸಿಕೊಟ್ಟದ್ದು ಹದೀಸ್‌ಗಳಲ್ಲಿ ಪ್ರಸಿದ್ಧ. ಮಾಲಿನಲ್ಲಿ ಮುಚ್ಚಿಟ್ಟ ದೋಷ ಇದ್ದರೆ ಷರತ್ತಿಲ್ಲದಿದ್ದರೂ ಹಿಂದಿರುಗಿಸುವ ಹಕ್ಕಿದೆ.

ಇದಾವುದೂ ಇಲ್ಲದೆ, ಕೊಳ್ಳುವವನ ಮನೆಯ ಕಷ್ಟದಿಂದ ವ್ಯಾಪಾರ ಬಿಡಬೇಕಾದಾಗ ಏನು ಮಾಡುವುದು? ಅದಕ್ಕೆ 'ಇಖಾಲ' ಇದೆ. ಪಶ್ಚಾತ್ತಾಪಪಟ್ಟ ಎದುರಿನವನ ಕೋರಿಕೆಯ ಮೇರೆಗೆ ವ್ಯಾಪಾರವನ್ನು ಒಪ್ಪಿಗೆಯಿಂದ ಬಿಚ್ಚಿಕೊಡುವುದು. ಹಾಗೆ ಬಿಚ್ಚಿಕೊಟ್ಟವನ ಎಡವುಗಳನ್ನು ಅಲ್ಲಾಹನು ಮನ್ನಿಸುತ್ತಾನೆ ಎಂಬ ಅರ್ಥದ ಹದೀಸನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಇದು ಮಾರುವವನ ಮೇಲಿನ ಬಲವಂತವಲ್ಲ, ಔದಾರ್ಯ. ಆದರೆ ಖಿಯಾಮತ್ತಿನ ದಿನ ಎಡವದೆ ನಡೆಯುತ್ತೇನೆ ಎಂಬ ಧೈರ್ಯ ಇರುವವರು ಯಾರು? ಇಖಾಲದಲ್ಲಿ ಕೊಟ್ಟ ಬೆಲೆ ಹಾಗೆಯೇ ವಾಪಸ್, ಮಾಲು ಹಾಗೆಯೇ ವಾಪಸ್. ಬಿಚ್ಚಿಕೊಟ್ಟದ್ದಕ್ಕೆ ಕೂಲಿ ಎಂದು ಹಿಡಿದುಕೊಳ್ಳುವಂತಿಲ್ಲ.

ಇನ್ನು ನಾಡಿನ ಕಾನೂನು. "ಅಡ್ವಾನ್ಸ್ ವಾಪಸ್ ಇಲ್ಲ" ಎಂಬುದು ಕಾನೂನು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಅಷ್ಟು ಸರಳವಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ದಂಡ ಎಂದು ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೆ.

ಇದಕ್ಕೆ ಸುಪ್ರೀಂ ಕೋರ್ಟ್‌ನ ಹಳೆಯ ತೀರ್ಪುಗಳಿವೆ. ಫತೇಚಂದ್ ಪ್ರಕರಣದಲ್ಲಿ ದಿಲ್ಲಿಯ ಒಂದು ಬಂಗಲೆಗೆ 1,12,500 ರೂಪಾಯಿ ಬೆಲೆ. ಕೊಳ್ಳುವವನು ಮೊದಲು 1,000 ರೂಪಾಯಿ ಬಯಾನಾ, ನಂತರ ಬೆಲೆಯ ಭಾಗವಾಗಿ 24,000 ಕೊಟ್ಟಿದ್ದ. ವ್ಯಾಪಾರ ಮುರಿದಾಗ ಮಾರುವವನು ಪೂರಾ 25,000 ತನ್ನದೇ ಎಂದ. 1963ರಲ್ಲಿ ಕೋರ್ಟ್ ಬಯಾನಾದ 1,000 ಇಟ್ಟುಕೊಳ್ಳಬಹುದು, 24,000ವನ್ನು ಹಾಗೆ ಮುಟ್ಟುಗೋಲು ಹಾಕುವಂತಿಲ್ಲ ಎಂದಿತು. 1969ರ ಮೌಲಾ ಬಕ್ಷ್ ಪ್ರಕರಣ ಇನ್ನೂ ನೇರ. ಮಿಲಿಟರಿಗೆ ಆಲೂಗಡ್ಡೆ, ಮೊಟ್ಟೆ, ಕೋಳಿ, ಮೀನು ಪೂರೈಸುವ ಗುತ್ತಿಗೆದಾರ ಪೂರೈಸಲಾಗದೆ ಸೋತಾಗ ಸರಕಾರ ಅವನ 18,500 ರೂಪಾಯಿ ಠೇವಣಿಯನ್ನು ಇಟ್ಟುಕೊಂಡಿತ್ತು. ತಪ್ಪು ಗುತ್ತಿಗೆದಾರನದ್ದೇ. ಆದರೂ, ಲೆಕ್ಕ ಹಾಕಬಹುದಾದ ನಷ್ಟವನ್ನು ಸರಕಾರ ರುಜುವಾತು ಮಾಡಲಿಲ್ಲ ಎಂಬ ಕಾರಣಕ್ಕೆ ಹಣ ವಾಪಸ್ ಕೊಡಿಸಿತು ಕೋರ್ಟ್.

ಇನ್ನೊಂದು ಕಡೆ 2012ರ ಸತೀಶ್ ಬಾತ್ರಾ ಪ್ರಕರಣದಲ್ಲಿ 70 ಲಕ್ಷದ ಆಸ್ತಿಗೆ ಕೊಟ್ಟ 7 ಲಕ್ಷ ಬಯಾನಾ ಮಾರುವವನ ಪಾಲಾಯಿತು. ಯಾಕೆಂದರೆ ಅದು ಬಯಾನಾ, ಬಿಟ್ಟರೆ ಮುಟ್ಟುಗೋಲು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದೇ ತೀರ್ಪಿನಲ್ಲಿ, ಬರೀ ಬೆಲೆಯ ಭಾಗವಾಗಿ ಕೊಟ್ಟ ಹಣವನ್ನು ಮುಟ್ಟುಗೋಲು ಹಾಕಲಾಗದು ಎಂದೂ ಕೋರ್ಟ್ ಹೇಳಿದೆ.

ಇವೆಲ್ಲದರಿಂದ ನಮ್ಮ ಮನೆಗಳಿಗೆ ಸಿಗುವ ಪಾಠ ಒಂದೇ: ಆ ಹಣ ಏನು ಎಂದು ಕೊಡುವಾಗ ಬರೆಯಿತೋ ಇಲ್ಲವೋ, ಅದರ ಮೇಲೆ ಎಲ್ಲ ನಿಂತಿದೆ. ನಮ್ಮ ಉರಿಗಾಂನ ಗೃಹಸ್ಥರ ಕೈಯಲ್ಲಿ ಇದ್ದದ್ದು ಏನು? ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ ಗೀಚಿದ "ಅಡ್ವಾನ್ಸ್ 30" ಎಂಬ ಎರಡು ಪದ. ಸಹಿ ಇಲ್ಲ, ತಾರೀಕು ಇಲ್ಲ, ಗಾಡಿಯ ನಂಬರೂ ಇಲ್ಲ. ಪುಣ್ಯಕ್ಕೆ ಇಪ್ಪತ್ತು ಸಾವಿರ ಫೋನಿನಲ್ಲಿ ಕಳುಹಿಸಿದ್ದರಿಂದ ಅದಕ್ಕಾದರೂ ದಾಖಲೆ ಇತ್ತು. ಹತ್ತು ಸಾವಿರ ನೋಟು ಎಣಿಸಿ ಕೊಟ್ಟದ್ದು. ಕುರ್‌ಆನಿನ ಅತ್ಯಂತ ಉದ್ದದ ವಚನ ಅಲ್‌ಬಖರಃದ 282ನೆಯದು. ಅದರಲ್ಲಿ ಇರುವುದು ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ನಿಲ್ಲಿಸಿ ಎಂಬ ಆದೇಶ. ಓದುವಾಗ ತಜ್‌ವೀದ್ ತಪ್ಪದಂತೆ ಎಚ್ಚರ ವಹಿಸುವ ನಾವು, ಲಕ್ಷ ರೂಪಾಯಿಯ ವ್ಯವಹಾರಕ್ಕೆ ಒಂದು ಚೀಟಿ ಬರೆಯಲು ನಾಚುತ್ತೇವೆ. "ನಂಬಿಕೆ ಇಲ್ವಾ?" ಎಂದು ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ಬರೆಯುವುದು ನಂಬಿಕೆಯ ಕೊರತೆಯಲ್ಲ, ನಂಬಿಕೆಯನ್ನು ಕಾಯುವ ಬೇಲಿ.

ವ್ಯಾಪಾರ ಬಿಡುವುದರಲ್ಲಿ ಮೂರು ಬಗೆ ಇದೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೊದಲನೆಯದು, ಮಾರುವವನ ಕಡೆಯ ತಪ್ಪು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಇದೆ, ಕಿಲೋಮೀಟರ್ ತಿರುಗಿಸಿದ್ದಾರೆ, ಆಕ್ಸಿಡೆಂಟ್ ಆದ ಗಾಡಿಗೆ ಪೇಂಟ್ ಹೊಡೆದಿದ್ದಾರೆ, ಚೇಸಿಸ್ ನಂಬರ್ ತಾಳೆಯಾಗುವುದಿಲ್ಲ. ಇಲ್ಲಿ ಒಂದು ರೂಪಾಯಿಯನ್ನೂ ಇಟ್ಟುಕೊಳ್ಳುವ ಹಕ್ಕು ಮಾರುವವನಿಗೆ ಇಲ್ಲ. ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ರದ್ದು ಮಾಡುವ ಹಕ್ಕನ್ನು ಕರಾರು ಕಾಯ್ದೆಯ 19ನೇ ಕಲಂ ಕೊಟ್ಟಿದೆ. ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒದ್ದೆ ಸಿಕ್ಕಿ, ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ(ಸ) ಮುಖ ತಿರುಗಿಸಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆ ಧಾನ್ಯದ ಮೇಲೆ ಒಣಗಿದ್ದು ಹರಡುವುದಕ್ಕೂ ತುಕ್ಕಿನ ಮೇಲೆ ಪುಟ್ಟಿ ಹಚ್ಚುವುದಕ್ಕೂ ಏನು ವ್ಯತ್ಯಾಸ?

ಎರಡನೆಯದು, ಯಾರದ್ದೂ ತಪ್ಪಲ್ಲದ್ದು. ಸಾವು, ಕಾಯಿಲೆ, ಕೆಲಸ ಹೋದದ್ದು. ಇಲ್ಲಿ ಇಖಾಲದ ಬಾಗಿಲು ತೆರೆಯಬೇಕು. ಮಾರುವವನು ಕೊಳ್ಳುವವನ ಮಾತಿನ ಮೇಲೆ ನಿಜವಾಗಿ ಖರ್ಚು ಮಾಡಿದ್ದರೆ ಅದನ್ನು ಬಿಲ್ ತೋರಿಸಿ ಪಡೆಯಲಿ. ಬೇರೆ ಗಿರಾಕಿ ಸಿಕ್ಕಿ ಅದೇ ಬೆಲೆಗೆ ಗಾಡಿ ಹೋದರೆ ನಷ್ಟ ಎಲ್ಲಿಂದ ಬಂತು?

ಮೂರನೆಯದು, ಕೊಳ್ಳುವವನ ಚಂಚಲತೆ. ಒಂದು ಕಡೆ ಅಡ್ವಾನ್ಸ್ ಕೊಟ್ಟು, ಇನ್ನೊಂದು ಕಡೆ ಹತ್ತು ಸಾವಿರ ಕಡಿಮೆಗೆ ಸಿಕ್ಕಿತೆಂದು ಓಡುವುದು. ಇದೂ ನಮ್ಮಲ್ಲಿ ಕಡಿಮೆ ಇಲ್ಲ. ಕೊಟ್ಟ ಮಾತು ಪಾಲಿಸಿ ಎಂಬುದು ಅಲ್‌ಮಾಇದಃದ ಮೊದಲ ವಚನದ ಆದೇಶ. ಅದು ಮಾರುವವನಿಗೆ ಮಾತ್ರ ಇಳಿದದ್ದಲ್ಲ. ಇಂಥವರು ವಾಪಸ್ ಕೇಳುವ ಮೊದಲು ಕ್ಷಮೆ ಕೇಳಲಿ.

ನಮ್ಮ ಕಥೆಯ ಮಾರುವವರು ಯಾರೋ ದೂರದವರಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಜುಮಾಕ್ಕೆ ನಮ್ಮ ಸಫ್‌ನಲ್ಲೇ ನಿಲ್ಲುವವರು. ಒಳ್ಳೆಯ ಮನುಷ್ಯ, ರಂಝಾನಿನಲ್ಲಿ ಇಫ್ತಾರಿಗೆ ಕೈ ಬಿಚ್ಚಿ ಕೊಡುವವರು. ಗುಜರಿ, ಹಳೆ ಗಾಡಿ, ಬ್ರೋಕರ್ ಕೆಲಸ ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ. ಆ ಅನ್ನವನ್ನು ನಾವು ಹೀಗಳೆಯುವುದಿಲ್ಲ. ಆದರೆ ಹಿಡಿದಿಟ್ಟ ಅಡ್ವಾನ್ಸನ್ನು ತಿಂಗಳ ಆದಾಯದ ಒಂದು ಬಾಬ್ತು ಎಂದು ಲೆಕ್ಕ ಹಾಕುವವರು ಇದ್ದಾರೆ ಎಂಬುದು ನಮಗೂ ಗೊತ್ತು, ಓದುವವರಿಗೂ ಗೊತ್ತು. ಒಂದೇ ಗಾಡಿಗೆ ಮೂವರಿಂದ ಅಡ್ವಾನ್ಸ್ ತೆಗೆದುಕೊಂಡು ಇಬ್ಬರದ್ದನ್ನು ನುಂಗುವುದು ವ್ಯಾಪಾರವಲ್ಲ. ಮೊದಲಿನಿಂದಲೂ ಕೊಡುವ ಇರಾದೆ ಇಲ್ಲದೆ ಹಣ ಪಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನ ವಂಚನೆಯೂ ಆಗುತ್ತದೆ. ಆ ಹಣದಲ್ಲಿ ಮಾಡಿದ ಇಫ್ತಾರಿಗೆ ಕೂಲಿ ಕೇಳುವುದಾದರೂ ಹೇಗೆ?

ಈಗ ಕೊಳ್ಳುವವರಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು.

ಹಣ ಕೊಡುವ ಮೊದಲು ಆರ್‌ಸಿ ನೋಡಿ. ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಗಾಡಿಯ ವಿವರ, ಇನ್ಶೂರೆನ್ಸ್, ಫೈನಾನ್ಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಫೈನಾನ್ಸ್ ಇದ್ದರೆ ಅದು ತೀರಿದ್ದಕ್ಕೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಬೇಕು. ಕೆಜಿಎಫ್ ಮೂರು ರಾಜ್ಯ ಸೇರುವ ಮೂಲೆ; ಕೆಎ-08ರ ಪಕ್ಕದಲ್ಲೇ ಟಿಎನ್-24, ಎಪಿ ನಂಬರಿನ ಗಾಡಿಗಳು ನಿಂತಿರುತ್ತವೆ. ಕರಾವಳಿಯವರಿಗೆ ಕೆಎಲ್-14 ಇದ್ದ ಹಾಗೆ. ಹೊರರಾಜ್ಯದ ಗಾಡಿ ಅಗ್ಗ ಕಾಣುತ್ತದೆ, ಆದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಮತ್ತು ಕರ್ನಾಟಕದ ಆಜೀವ ತೆರಿಗೆಯ ಲೆಕ್ಕ ಹಾಕದೆ ಅಡ್ವಾನ್ಸ್ ಕೊಟ್ಟರೆ ಆಮೇಲೆ ಬಿಡಬೇಕಾಗುತ್ತದೆ. ಡೀಲರ್ ಹತ್ತಿರ ಕೊಳ್ಳುವುದಾದರೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇದೆಯೇ ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಹಳೆ ಗಾಡಿಯ ಡೀಲರ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಅದು ಬಂದಿದೆ.

ಅಡ್ವಾನ್ಸ್ ಕೊಡುವಾಗ ಒಂದು ಪುಟದ ಚೀಟಿ ಬರೆಯಿರಿ. ಇಬ್ಬರ ಹೆಸರು, ಗಾಡಿಯ ನಂಬರ್, ಚೇಸಿಸ್ ನಂಬರ್, ಒಪ್ಪಿದ ಬೆಲೆ, ಕೊಟ್ಟ ಮೊತ್ತ, ತಾರೀಕು. ಉಳಿದ ಹಣ ಯಾವ ದಿನದೊಳಗೆ. ಮೆಕ್ಯಾನಿಕ್ ನೋಡಿ ಬೇಡ ಎಂದರೆ, ಕಾಗದ ಸರಿ ಇಲ್ಲದಿದ್ದರೆ ಪೂರ್ತಿ ವಾಪಸ್. ಮೂರು ದಿನದೊಳಗೆ ಬಿಟ್ಟರೆ ಪೂರ್ತಿ ವಾಪಸ್. ಆಮೇಲೆ ಬಿಟ್ಟರೆ ಬಿಲ್ ಇರುವ ಖರ್ಚು ಕಳೆದು ಉಳಿದದ್ದು ಇಷ್ಟು ದಿನದಲ್ಲಿ ವಾಪಸ್. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಮೇಲೆ ಸಹಿ, ಇಬ್ಬರು ಸಾಕ್ಷಿ. ಇಷ್ಟು ಬರೆಯಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಅಡ್ವಾನ್ಸ್ ಚಿಕ್ಕದಿರಲಿ, ಗಾಡಿ ಹಿಡಿದಿಡಲು ಐದು ಸಾವಿರ ಸಾಕಾದಲ್ಲಿ ಐವತ್ತು ಸಾವಿರ ಕೊಡುವುದೇಕೆ? ಹಣವನ್ನು ಬ್ಯಾಂಕ್ ಖಾತೆಗೆ ಹಾಕಿ, ನಡುವಿನವನ ಖಾತೆಗೆ ಬೇಡ, ಮಾರುವವನ ಖಾತೆಗೇ.

ಬಿಡಬೇಕೆಂದು ಅನಿಸಿದ ದಿನವೇ ಹೇಳಿ. ನಮ್ಮ ಬೇಕರಿಯವರು ನಾಚಿಕೆಯಿಂದ ಹನ್ನೆರಡು ದಿನ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಮಾರುವವರು ಇನ್ನೊಬ್ಬ ಗಿರಾಕಿಯನ್ನು ವಾಪಸ್ ಕಳುಹಿಸಿದ್ದರು. ಅವರ ಸಿಟ್ಟಿನಲ್ಲಿ ಅರ್ಧ ಈ ಹನ್ನೆರಡು ದಿನದ್ದು. ಬಾಯಿಯಲ್ಲಿ ಹೇಳಿದರೂ ಅದನ್ನೇ ಮೆಸೇಜ್ ಮಾಡಿಡಿ, ಕಾರಣ ಬರೆಯಿರಿ, ಮರ್ಯಾದೆಯಿಂದ ಬರೆಯಿರಿ.

ಮಾತಿನಲ್ಲಿ ಮುಗಿಯದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್. ಮಾರಿದವನು ಅದೇ ದಂಧೆಯ ಡೀಲರ್ ಆಗಿದ್ದು, ನೀವು ಮನೆ ಬಳಕೆಗೆ ಅಥವಾ ಸ್ವಂತ ಹೊಟ್ಟೆಪಾಡಿನ ದುಡಿಮೆಗೆ ಕೊಳ್ಳುವವರಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ; ಇಲ್ಲಿಯವರಿಗೆ ಕೋಲಾರದಲ್ಲಿ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿನ ಡೀಲರ್ ಮೇಲೂ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ. ಮಾರಿದವನು ತನ್ನ ಸ್ವಂತ ಗಾಡಿ ಮಾರಿದ ಸಾಮಾನ್ಯ ಮನುಷ್ಯನಾದರೆ ಗ್ರಾಹಕ ಆಯೋಗ ಬರುವುದಿಲ್ಲ. ಸಿವಿಲ್ ಕೋರ್ಟ್, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್. ಅಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಬಳೆ ಅಡವಿಟ್ಟು ತನ್ನ ಹೆಸರಲ್ಲಿ ಹಣ ಕೊಟ್ಟ ಅಕ್ಕತಂಗಿಯರು ಇದನ್ನು ನೆನಪಿಡಿ.

ಆದರೆ ಎಲ್ಲದಕ್ಕೂ ಕೋರ್ಟು ಹತ್ತಬೇಕೆಂದಿಲ್ಲ. ಜಮಾಅತ್ ಕಮಿಟಿಗಳು ಇರುವುದು ಉರೂಸ್, ಮೀಲಾದ್‌ಗೆ ಚಂದಾ ಎತ್ತಲು ಮಾತ್ರವಲ್ಲ. ಇಂಥ ಜಗಳವನ್ನು ಎರಡೂ ಕಡೆಯ ಮಾತು ಕೇಳಿ, ಒಂದು ಪುಸ್ತಕದಲ್ಲಿ ಬರೆದು, ಸಂಧಾನ ಮಾಡಿಸಲು ಇಬ್ಬರು ಮೂವರು ತಿಳಿದವರನ್ನು ಕೂರಿಸಬಹುದು. ಹಣಬಲದವರ ಕಡೆ ವಾಲದವರು ಆಗಿರಬೇಕು, ಅಷ್ಟೆ.

ಉರಿಗಾಂನ ಕಥೆ ಹೇಗೆ ಮುಗಿಯಿತು ಎಂದು ಓದುವವರು ಕೇಳಬಹುದು. ಮರುದಿನ ನಾವು ಆ ಮನೆಗೆ ಹೋಗಿ, ಮೊನ್ನೆ ಹೇಳಿದ್ದು ತಪ್ಪು ಎಂದೆವು. ಆಮೇಲೆ ಇಬ್ಬರನ್ನೂ ಮಸೀದಿಯ ವರಾಂಡದಲ್ಲಿ ಕೂರಿಸಿದೆವು. ಮಾರುವವರು ಮೊದಲು ಕೂಗಾಡಿದರು. ಹನ್ನೆರಡು ದಿನದ ಮಾತಿಗೆ ಬೇಕರಿಯವರು ಎಲ್ಲರೆದುರು ಕ್ಷಮೆ ಕೇಳಿದ ಮೇಲೆ ದನಿ ಇಳಿಯಿತು. ಟ್ರೇ ಇಡಲು ಗಾಡಿಯೊಳಗೆ ಕಬ್ಬಿಣದ ಸ್ಟ್ಯಾಂಡ್ ಕೂರಿಸಿ ಎಂದು ಇವರೇ ಹೇಳಿದ್ದರು. ಅದರ ಬಿಲ್ 4,200. ಅದು ನ್ಯಾಯವಾದ ಖರ್ಚು, ಇವರೂ ಒಪ್ಪಿದರು. ಉಳಿದ 25,800 ವಾಪಸ್. ಅರ್ಧ ಅಂದೇ, ಅರ್ಧ ಎರಡು ವಾರಕ್ಕೆ. ಕೊನೆಯ ಕಂತು ಹೇಳಿದ ದಿನಕ್ಕಿಂತ ಮೊದಲೇ ಬಂತು. ಕಬ್ಬಿಣದ ಸ್ಟ್ಯಾಂಡ್ ಈಗ ಬೇಕರಿಯವರ ಮನೆಯ ಜಗಲಿಯಲ್ಲಿದೆ, ಗಾಡಿ ಬರುವ ದಿನಕ್ಕೆ ಕಾಯುತ್ತಾ.

ಎರಡು ಬಳೆಯಲ್ಲಿ ಒಂದು ಬಿಡಿಸಿಕೊಂಡಾಯಿತು, ಇನ್ನೊಂದಕ್ಕೆ ಬಡ್ಡಿ ಸೇರಿ ಸ್ವಲ್ಪ ಬಾಕಿ ಇದೆ. ಒಡವೆ ಅಡವಿಟ್ಟು ಬಡ್ಡಿ ಕಟ್ಟುವ ವಿಷಯ ಇನ್ನೊಂದು ವಾರಕ್ಕೆ ಇರಲಿ. ಅದರಲ್ಲಿ ನಮ್ಮ ಜಮಾಅತ್‌ಗಳು ಉತ್ತರಿಸಬೇಕಾದ ಪ್ರಶ್ನೆ ಬಹಳ ಇದೆ.

ಹಣ ಹಿಂದಿರುಗಿಸಿದ ಮಾರುವವರು ಎದ್ದು ಹೋಗುವಾಗ ನಮ್ಮಲ್ಲಿ ಕೇಳಿದ್ದು: "ಇದುವರೆಗೆ ಹೀಗೆ ಇಟ್ಟುಕೊಂಡದ್ದು ಇನ್ನೂ ಕೆಲವರದ್ದು ಇದೆ ಉಸ್ತಾದ್. ಅದನ್ನು ಎಂತ ಮಾಡುವುದು?" ಯಾರದ್ದೆಂದು ಗೊತ್ತಿರುವವರೆಗೆ ಅವರಿಗೇ ತಲುಪಿಸಿ, ಅವರು ತೀರಿಹೋಗಿದ್ದರೆ ಅವರ ವಾರಸುದಾರರಿಗೆ ಎಂದೆವು. ಅವರು ಫೋನಿನಲ್ಲಿ ಹಳೆಯ ನಂಬರುಗಳನ್ನು ಹುಡುಕುತ್ತಾ ಮೆಟ್ಟಲಿಳಿದರು. ಅದೇ ಪ್ರಶ್ನೆಯನ್ನು ಈ ಪುಟ ಓದುವ ಪ್ರತಿಯೊಬ್ಬ ವ್ಯಾಪಾರಿಯೂ ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ತನಗೇ ಕೇಳಿಕೊಳ್ಳಲಿ. ಹಲಾಲಾದ ಕೊಳು-ಕೊಡುಗೆಯಲ್ಲಿ ಅಲ್ಲಾಹನು ನಮ್ಮೆಲ್ಲರಿಗೂ ಬರಕತ್ ನೀಡಲಿ, ಆಮೀನ್.